ಮತ್ಸ್ಯವಿನೋದ: ಒಂದು ದಿನದ ಚೀಟಿ

ಗಾಳ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಒಳ್ಳೆಯ ಹೆಸರಿಲ್ಲ. ಯಾರನ್ನಾದರೂ ಮೋಸದಿಂದ ಒಲಿಸಿಕೊಳ್ಳಲು ಹೊರಟವನನ್ನು ಕುರಿತು 'ಗಾಳ ಹಾಕುತ್ತಿದ್ದಾನೆ' ಎನ್ನುತ್ತೇವೆ. ಮರುಳಾದವನನ್ನು ಕುರಿತು 'ಗಾಳಕ್ಕೆ ಸಿಕ್ಕ' ಎನ್ನುತ್ತೇವೆ. 'ಆಮಿಷ' ಎಂಬ ಶಬ್ದ ಮೊದಲು ಮಾಂಸವೆಂಬ ಅರ್ಥದ್ದು. ಗಾಳದ ತುದಿಯನ್ನೇರಿದ ಮೇಲೆ ಅದು ಎಲ್ಲ ದುರಾಸೆಗಳಿಗೂ ಹೆಸರಾಯಿತು. ನೀರಿನಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಕೊಕ್ಕರೆಯ ತಾಳ್ಮೆಯನ್ನಾದರೂ ಮೆಚ್ಚಬಹುದಾಗಿತ್ತು. ಅದನ್ನೂ 'ಬಕಧ್ಯಾನ'ವೆಂದು ಕರೆದು ಕಪಟಕ್ಕೆ ಪರ್ಯಾಯಪದವನ್ನಾಗಿ ಮಾಡಿದ್ದೇವೆ. ಹೊಟ್ಟೆಪಾಡಿಗಾಗಿ ಮೀನು ಹಿಡಿಯುವ ಬೆಸ್ತನನ್ನು ನಮ್ಮ ಸಮಾಜ ಬಲ್ಲುದು. ಹೊಟ್ಟೆಪಾಡಿನ ಹಂಗಿಲ್ಲದೆ, ಕೇವಲ ಮನಸ್ಸಿನ ವಿಶ್ರಾಂತಿಗಾಗಿ ಗಾಳ ಹಿಡಿದು ಕುಳಿತವನಿಗೆ ನಮ್ಮಲ್ಲಿ ಒಂದು ಗೌರವದ ಹೆಸರೂ ಹುಟ್ಟಲಿಲ್ಲ.

ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಊರೂರಿನ ಹೊರವಲಯದಲ್ಲಿ ಗಾಳಗಾರರಿಗಾಗಿಯೇ ಮೀಸಲಾದ ಕೊಳಗಳಿವೆ. ವಾರವಿಡೀ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿದ ಮನುಷ್ಯ ರಜೆಯ ದಿನ ನಸುಕಿನಲ್ಲೇ ಎದ್ದು ಅಲ್ಲಿಗೆ ಹೋಗುತ್ತಾನೆ. ಹಣ ಕೊಟ್ಟು ಒಂದು ದಿನದ ಚೀಟಿಯನ್ನು ಪಡೆಯುತ್ತಾನೆ. ಸಂಜೆಯವರೆಗೆ ನೀರಿನ ಮುಂದೆ ಕುಳಿತು ಹಿಡಿದ ಮೀನುಗಳನ್ನೆಲ್ಲ ಮತ್ತೆ ನೀರಿಗೆ ಬಿಟ್ಟು, ಬರಿಗೈಯಲ್ಲಿ, ಆದರೆ ತೃಪ್ತನಾಗಿ ಮನೆಗೆ ಮರಳುತ್ತಾನೆ. ಹಣ ಕೊಟ್ಟು ಅವನು ಕೊಂಡದ್ದಾದರೂ ಏನು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಬಿಡುವು, ಒಡೆತನ, ಹಿಂಸೆ, ನದಿಗಳ ಅಳಿವು ಉಳಿವು ಮುಂತಾದ ಹಲವು ವಿಚಾರಗಳು ಎದುರಾಗುತ್ತವೆ.

ಚೀಟಿ ಏಕೆ ಬೇಕಾಯಿತೆಂಬುದನ್ನು ಮೊದಲು ನೋಡಬೇಕು. ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಹರಿಯುವ ನೀರು ಯಾರ ಸ್ವತ್ತೂ ಅಲ್ಲ. ಆದರೆ ಸಮುದ್ರದ ಉಬ್ಬರವಿಳಿತ ಮುಟ್ಟದ ಒಳನಾಡಿನ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ದಡದ ನೆಲದ ಒಡೆಯನದು. ನದಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದರ ಮೀನು ಮಾತ್ರ ಜಮೀನುದಾರನಿಗೆ ಸೇರಿದ್ದು. ಇದರ ಮೇಲೆ ಮೀನುಗಳಲ್ಲಿಯೂ ಒಂದು ವರ್ಗಭೇದ ಬೆಳೆಯಿತು. ಸಾಲ್ಮನ್, ಟ್ರೌಟ್ ಮೀನುಗಳು ಸಿರಿವಂತರ ಬೇಟೆಗೆ ಮೀಸಲಾದುವು. ಗೆಂಡೆ, ರೋಚ್, ಬ್ರೀಮ್, ಟೆಂಚ್, ಪರ್ಚ್ ಮೊದಲಾದುವು 'ಒರಟು ಮೀನು'ಗಳೆನಿಸಿ ಬಡವರ ಪಾಲಿಗೆ ಬಂದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಷೆಫೀಲ್ಡಿನಂಥ ಕೈಗಾರಿಕಾ ನಗರಗಳ ಕಾರ್ಮಿಕರು ಗಾಳಗಾರರ ಸಂಘಗಳನ್ನು ಕಟ್ಟಿಕೊಂಡು, ಅಷ್ಟಿಷ್ಟು ಚಂದಾ ಕೂಡಿಸಿ, ಹೊಳೆಯ ದಡಗಳನ್ನು ಗುತ್ತಿಗೆ ಹಿಡಿದರು. ಬಿಡುವಿನ ದಿನ ರೈಲು ಹತ್ತಿ ಕುಲುಮೆಯ ಹೊಗೆಯಿಂದ ದೂರ ಹೋದರು. ಈ 'ಒರಟು ಮೀನು'ಗಳಿಗೂ ಮೊಟ್ಟೆಯಿಡುವ ಕಾಲದಲ್ಲಿ ರಕ್ಷಣೆ ಬೇಕೆಂಬ ೧೮೭೮ರ ಶಾಸನವನ್ನು ತಂದವನು ಷೆಫೀಲ್ಡಿನಿಂದಲೇ ಆಯ್ಕೆಯಾಗಿದ್ದ ಲೋಕಸಭಾ ಸದಸ್ಯ ಮಂಡೆಲ್ಲಾ. ಮಾರ್ಚ್ ೧೫ರಿಂದ ಜೂನ್ ೧೫ರವರೆಗೆ ನದಿಗಳಲ್ಲಿ ಈ ಮೀನುಗಳಿಗೆ ಗಾಳ ಹಾಕಬಾರದೆಂಬ ಕಟ್ಟಳೆ ಇಂಗ್ಲೆಂಡಿನಲ್ಲಿ ಇಂದಿಗೂ ಉಂಟು. ಜೂನ್ ೧೬ರ ಬೆಳಗು ಅಲ್ಲಿನ ಗಾಳಗಾರರಿಗೆ ಹಬ್ಬದ ಬೆಳಗು.

ದಿನದ ಚೀಟಿಯ ಕೊಳ ಈ ಪರಂಪರೆಯ ಕೊನೆಯ ಕೂಸು. ಜಲ್ಲಿ ತೆಗೆದು ಬಿಟ್ಟ ಹೊಂಡಗಳಲ್ಲಿ ನೀರು ನಿಂತು ಕೆಲವು ಕೊಳಗಳಾದುವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೇಸಾಯದ ಆದಾಯ ಸಾಲದಾದ ರೈತರು ತಮ್ಮ ಹೊಲಗಳಲ್ಲೇ ಇನ್ನು ಕೆಲವನ್ನು ತೋಡಿಸಿದರು. ನಿಂತ ನೀರಿನ ಕೊಳಗಳಲ್ಲಿ ಬಹುಪಾಲನ್ನು ೧೯೯೫ರಲ್ಲಿ ಆ ಮೂರು ತಿಂಗಳ ನಿಷೇಧದಿಂದ ಹೊರತುಪಡಿಸಿದ ಮೇಲೆ ಈ ಉದ್ಯಮ ವರ್ಷವಿಡೀ ನಡೆಯತೊಡಗಿತು. ಸಂಘದ ಸದಸ್ಯತ್ವ ಬೇಡ, ಜಮೀನುದಾರನ ಪರಿಚಯ ಬೇಡ. ಸರ್ಕಾರದ ಗಾಳದ ಪರವಾನಗಿ ಮತ್ತು ಆ ದಿನದ ಶುಲ್ಕ, ಇಷ್ಟಿದ್ದರೆ ಸಾಕು. ಹದಿಮೂರು ವರ್ಷ ತುಂಬದ ಮಕ್ಕಳಿಗೆ ಪರವಾನಗಿಯೂ ಬೇಡ. ಒಂದು ಕಾಲಕ್ಕೆ ಒಡೆಯರ ಕೃಪೆಯಿಂದ ದೊರಕಬೇಕಾಗಿದ್ದ ನೀರಿನಂಚಿನ ಒಂದು ದಿನ ಹೀಗೆ ಅಂಗಡಿಯಲ್ಲಿ ಕೊಳ್ಳುವ ಪದಾರ್ಥದಷ್ಟು ಸುಲಭವಾಯಿತು.

ಅಂಥ ಒಂದು ದಿನದ ಕ್ರಮ ಹೀಗಿರುತ್ತದೆ. ಕೊಳದ ಸುತ್ತ ಮರದ ಚಿಕ್ಕ ಜಗುಲಿಗಳು. ಒಂದೊಂದಕ್ಕೂ ಒಂದೊಂದು ಸಂಖ್ಯೆ. ಬಂದವನು ಮೊದಲು ತನ್ನ ಬಲೆಯನ್ನು ಔಷಧಿಯ ನೀರಿನಲ್ಲಿ ಅದ್ದಬೇಕು. ಒಂದು ಕೊಳದ ರೋಗ ಇನ್ನೊಂದಕ್ಕೆ ಅಂಟದಿರಲೆಂದು ಈ ಮಡಿ. ಆಮೇಲೆ ಗಾಳಿಯ ದಿಕ್ಕು, ಜೊಂಡಿನ ದಂಡೆ, ಮರದ ನೆರಳು ಇವನ್ನೆಲ್ಲ ನೋಡಿ ಜಗುಲಿಯೊಂದನ್ನು ಆರಿಸಿಕೊಳ್ಳುತ್ತಾನೆ. ದಾರದ ತುದಿಗೆ ತೂಕವೊಂದನ್ನು ಕಟ್ಟಿ ಇಳಿಯಬಿಟ್ಟು ನೀರಿನ ಆಳವನ್ನು ಅಳೆಯುತ್ತಾನೆ. ಎರೆ ನೆಲವನ್ನು ಸವರಬೇಕೋ ನಡುನೀರಿನಲ್ಲಿ ತೂಗಬೇಕೋ ಎಂಬುದನ್ನು ಅವನು ತೀರ್ಮಾನಿಸುವುದು ಈ ಅಳತೆಯ ಮೇಲೆ. ದಾರಕ್ಕೆ ಪೋಣಿಸುವ ಸಣ್ಣ ಗುಂಡುಗಳು ಹಿಂದೆ ಸೀಸದವಾಗಿದ್ದುವು. ಅವನ್ನು ನುಂಗಿದ ಹಂಸಗಳು ವಿಷವೇರಿ ಸಾಯುತ್ತಿದ್ದುದರಿಂದ ೧೯೮೭ರಲ್ಲಿ ಅವು ನಿಷಿದ್ಧವಾಗಿ ಬೇರೆ ಲೋಹದ ಗುಂಡುಗಳು ಬಂದುವು. ಎರೆಯೆಂದರೆ ಎರೆಹುಳು, ನೊಣದ ಮರಿಹುಳು, ರೊಟ್ಟಿಯ ಚೂರು, ಬೇಯಿಸಿದ ಮೆಕ್ಕೆಜೋಳದ ಕಾಳು. ಸುತ್ತಲೂ ಹಿಡಿ ಮೇವನ್ನು ಎರಚಿ, ನಡುವೆ ತನ್ನ ಗಾಳವನ್ನಿಳಿಸಿ, ಅವನು ಕುಳಿತುಕೊಳ್ಳುತ್ತಾನೆ.

ಇನ್ನು ಮುಂದಿನದು ಆ ಬೆಂಡಿನ ಕಥೆ. ನೀರಿನ ಮೇಲೆ ಬೆರಳಿನ ಉಗುರಿನಷ್ಟೇ ತಲೆಯೆತ್ತಿ ನಿಂತ ಬಣ್ಣದ ಬೆಂಡಿನ ತುದಿ ಆ ದಿನದ ಮಟ್ಟಿಗೆ ಅವನ ಜಗತ್ತಿನ ಕೇಂದ್ರ. ಅದು ಒಮ್ಮೆ ನಡುಗಿದರೆ ಚಿಕ್ಕ ಮೀನೊಂದು ಎರೆಯನ್ನು ಮೂಸಿತೆಂದು ಅರ್ಥ. ಮೆಲ್ಲನೆ ಮೇಲೆದ್ದು ಅಡ್ಡಲಾಗಿ ಮಲಗಿದರೆ, ತಳದಲ್ಲಿದ್ದ ಎರೆಯನ್ನು ಬ್ರೀಮ್ ಬಾಯಲ್ಲಿ ಎತ್ತಿಕೊಂಡಿದೆ. ಓರೆಯಾಗಿ ಜಾರಿ ಕಾಣದಾದರೆ ಗೆಂಡೆಯಿರಬಹುದು. ಕೆಳಗೆ ನಡೆಯುವ ಯಾವುದೂ ಅವನಿಗೆ ಕಾಣುವುದಿಲ್ಲ. ಕಾಣುವ ಈ ಒಂದು ಚಿಹ್ನೆಯಿಂದ ಕಾಣದುದನ್ನೆಲ್ಲ ಊಹಿಸಬೇಕು. ಕಾವ್ಯವನ್ನು ಓದುವವನ ಕೆಲಸವೂ ಬಹುಮಟ್ಟಿಗೆ ಇಂಥದೇ ಅಲ್ಲವೆ?

ಮೀನು ಸಿಕ್ಕಿದ ಮೇಲಿನ ವಿಧಿಗಳು ಇನ್ನೂ ಕಟ್ಟುನಿಟ್ಟು. ಕೊಕ್ಕೆಗೆ ಹಿಮ್ಮುಳ್ಳು ಇರಕೂಡದೆಂಬುದು ಅನೇಕ ಕೊಳಗಳ ನಿಯಮ. ನುಣುಪಾದ ಕೊಕ್ಕೆ ಸುಲಭವಾಗಿ ಬಿಡಿಸಲು ಬರುತ್ತದೆ, ಬಾಯಿ ಹರಿಯುವುದಿಲ್ಲ. ಮೀನನ್ನು ಮೃದುವಾದ ಬಲೆಯಲ್ಲೆತ್ತಿ, ಒದ್ದೆ ಮಾಡಿದ ಮೆತ್ತೆಯ ಮೇಲೆ ಮಲಗಿಸಿ, ಒದ್ದೆ ಕೈಯಿಂದಲೇ ಮುಟ್ಟಬೇಕು. ಒಣಗೈ ತಗುಲಿದರೆ ಮೈಮೇಲಿನ ಲೋಳೆಯ ಕವಚ ಕಳಚುತ್ತದೆ. ಆಮೇಲೆ ಅದನ್ನು ನೀರಿನಲ್ಲಿ ಹಿಡಿದು, ಕಿವಿರುಗಳು ಸರಿಯಾಗಿ ಆಡತೊಡಗಿದ ಮೇಲೆ ಬಿಟ್ಟುಬಿಡಬೇಕು. ಸಂಜೆಗೆ ಲೆಕ್ಕ ಹಾಕಿದರೆ ಎಂಟೋ ಹತ್ತೋ ಗಂಟೆಗಳಲ್ಲಿ ಮೀನಿನೊಡನೆ ಕಳೆದದ್ದು ಕೆಲವೇ ನಿಮಿಷಗಳು. ಉಳಿದುದೆಲ್ಲ ಕಾಯುವಿಕೆ.

ಚೀಟಿಯಿಂದ ಅವನು ಕೊಂಡದ್ದು ಈ ಕಾಯುವಿಕೆಯನ್ನು ಎಂದು ನನಗೆ ತೋರುತ್ತದೆ. ಸುಮ್ಮನೆ ಕುಳಿತುಕೊಳ್ಳುವುದು ನಾವು ತಿಳಿದಷ್ಟು ಸುಲಭವಲ್ಲ. ಏನೂ ಮಾಡದೆ ಕುಳಿತವನನ್ನು ಲೋಕ ಸೋಮಾರಿಯೆನ್ನುತ್ತದೆ. ಅವನ ಮನಸ್ಸೇ ಅವನನ್ನು ಹಾಗೆಂದು ಹಳಿಯುತ್ತದೆ. ಧ್ಯಾನಕ್ಕೆ ಕುಳಿತರೆ ಹತ್ತು ನಿಮಿಷಗಳಲ್ಲಿ ನೂರು ಚಿಂತೆ. ಗಾಳದ ಕೋಲು ಈ ಸಂಕಟಕ್ಕೆ ಒಂದು ಉಪಾಯ. ಕೈಗೆ ಕೆಲಸವಿದೆ, ಕಣ್ಣಿಗೆ ಗುರಿಯಿದೆ, ಯಾರಾದರೂ ಕೇಳಿದರೆ ಹೇಳಲು ಉತ್ತರವಿದೆ. ಆ ನೆಪದ ಮರೆಯಲ್ಲಿ ಮನಸ್ಸು ತಾನಾಗಿ ಶಾಂತವಾಗುತ್ತದೆ. ಜೊಂಡಿನ ಮೇಲಿನ ಏರೋಪ್ಲೇನ್ ಚಿಟ್ಟೆ, ನೀರಿಗೆ ಧುಮುಕುವ ಮಿಂಚುಳ್ಳಿ, ಮೋಡದ ನೆರಳು ಎಲ್ಲವೂ ಒಂದೊಂದಾಗಿ ಒಳಗೆ ಬರುತ್ತವೆ. ನಮ್ಮವರೇ ಆದ ಪೂರ್ಣಚಂದ್ರ ತೇಜಸ್ವಿಯವರು ಮಲೆನಾಡಿನ ಹೊಳೆಗಳಲ್ಲಿ ಗಾಳ ಹಾಕುವ ಹವ್ಯಾಸವನ್ನಿಟ್ಟುಕೊಂಡಿದ್ದುದು ಅವರ ಓದುಗರಿಗೆಲ್ಲ ಗೊತ್ತು. ಕಾಡನ್ನೂ ನೀರನ್ನೂ ಅವರು ಅಷ್ಟು ನಿಕಟವಾಗಿ ಕಂಡದ್ದರಲ್ಲಿ ಆ ಕಾಯುವಿಕೆಯ ಪಾಲೂ ಇದ್ದೀತು.

ಈ ಕಾಯುವಿಕೆಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಶಾಶ್ವತವಾದ ಸ್ಥಾನವನ್ನು ಕೊಟ್ಟವನು ಐಸಾಕ್ ವಾಲ್ಟನ್. ಲಂಡನ್ನಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಈತನ 'ದಿ ಕಂಪ್ಲೀಟ್ ಆಂಗ್ಲರ್' ೧೬೫೩ರಲ್ಲಿ ಹೊರಬಂದಿತು. ಆ ವರ್ಷವನ್ನು ಗಮನಿಸಬೇಕು. ಅಂತರ್ಯುದ್ಧದಲ್ಲಿ ದೇಶ ಎರಡಾಗಿ ಒಡೆದು, ೧೬೪೯ರಲ್ಲಿ ದೊರೆಯ ತಲೆಯೇ ಉರುಳಿದ್ದ ಕಾಲ ಅದು. ವಾಲ್ಟನ್ ದೊರೆಯ ಪಕ್ಷದವನು, ಸೋತ ಪಕ್ಷದವನು. ಅಂಥವನು ರಾಜಕೀಯದ ವಾದಕ್ಕಿಳಿಯದೆ, ಹೊಳೆಯ ದಂಡೆಯಲ್ಲಿ ನಡೆಯುವ ಗೆಳೆಯರ ಸಂವಾದದ ರೂಪದಲ್ಲಿ ಮೀನು, ಎರೆ, ಹುಲ್ಲು, ಹಾಡುಗಳನ್ನು ಕುರಿತು ಬರೆದ. ತನ್ನ ಕಲೆಯನ್ನು ಚಿಂತನಶೀಲನ ವಿನೋದವೆಂದು ಮುಖಪುಟದಲ್ಲೇ ಕರೆದ. ಅವನಿಗಿಂತ ಹಿಂದೆ, ೧೪೯೬ರಲ್ಲಿ, ಗಾಳವಿದ್ಯೆಯನ್ನು ಕುರಿತ ಇಂಗ್ಲಿಷಿನ ಮೊದಲ ಮುದ್ರಿತ ಪ್ರಬಂಧ ಬಂದಿತ್ತು. ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿ ಅದನ್ನು ಬರೆದಳೆಂದು ಪ್ರತೀತಿ. ಅತಿಯಾಗಿ ಮೀನು ಹಿಡಿಯಬಾರದೆಂಬ ಎಚ್ಚರಿಕೆಯ ಮಾತು ಆ ಹಳೆಯ ಗ್ರಂಥದಲ್ಲೇ ಇದೆ.

ಇಲ್ಲಿ ಕನ್ನಡ ನಾಡಿನವರು ಹೆಮ್ಮೆಪಡಬಹುದಾದ ಸಂಗತಿಯೊಂದುಂಟು. ಆ ಇಂಗ್ಲಿಷ್ ಪ್ರಬಂಧಕ್ಕಿಂತ ಮೂರೂವರೆ ಶತಮಾನಗಳಷ್ಟು ಹಿಂದೆಯೇ, ೧೧೩೦ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಗ್ರಂಥದಲ್ಲಿ ರಾಜನ ವಿನೋದಗಳನ್ನು ಹೇಳುವ ಭಾಗದೊಳಗೆ 'ಮತ್ಸ್ಯವಿನೋದ'ವೆಂಬ ಅಧ್ಯಾಯವಿದೆ. ಕಡಲಿನವು, ಸಿಹಿನೀರಿನವು, ಹುರುಪೆಯುಳ್ಳವು, ಹುರುಪೆಯಿಲ್ಲದವು, ದೊಡ್ಡವು, ಚಿಕ್ಕವು ಎಂದು ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಅಲ್ಲಿ ವಿಂಗಡಿಸಿದೆ, ಯಾವುದಕ್ಕೆ ಯಾವ ಆಹಾರ ಪ್ರಿಯವೆಂಬುದನ್ನೂ ಗಾಳ ದಾರಗಳ ವಿಚಾರವನ್ನೂ ಹೇಳಿದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು ಈ ಅಧ್ಯಾಯವನ್ನು ಪರಿಶೀಲಿಸಿ ಬರೆದ ಮೇಲೆ ಮತ್ಸ್ಯವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೊಂದು ಸ್ಥಾನ ದೊರೆಯಿತು. ಮೀನಿಗೆ ಮೇವು ಹಾಕಿ ಒಂದೆಡೆಗೆ ಒಲಿಸಿ, ಬಳಿಕ ಗಾಳವಿಳಿಸುವ ಕ್ರಮವನ್ನು ನೋಡಿದರೆ ಇಂದಿನ ಚೀಟಿಯ ಕೊಳಕ್ಕೂ ಅಂದಿನ ಅರಸನ ವಿನೋದಕ್ಕೂ ಅಂತರ ಹೆಚ್ಚಿಲ್ಲ. ಅಂದು ಅರಸನಿಗೆ ಮಾತ್ರ ದೊರೆತ ದಿನವನ್ನು ಇಂದು ಅಲ್ಲಿನ ಕೂಲಿಕಾರನೂ ಕೊಳ್ಳಬಲ್ಲ, ಅಷ್ಟೆ.

ಆದರೆ ನದಿಯ ಗಾಳಗಾರರು ಈ ಕೊಳಗಳನ್ನು ಕಂಡು ಮೂಗು ಮುರಿಯುವುದುಂಟು. ತೊಟ್ಟಿಯಲ್ಲಿ ಸಾಕಿದ ಮೀನು, ದಿನವೂ ಮೇವು ತಿಂದು ಕೊಬ್ಬಿದ ಮೀನು. ಅದನ್ನು ಹಿಡಿಯುವುದರಲ್ಲಿ ಏನು ಹೆಚ್ಚುಗಾರಿಕೆ? ಬೇಟೆಯ ಸವಿಯಿರುವುದು ಅನಿಶ್ಚಯದಲ್ಲಿ, ಹಣ ಕೊಟ್ಟವನಿಗೆ ಮೀನು ಖಂಡಿತವಾದ ಮೇಲೆ ಅದು ವ್ಯಾಪಾರವಾಯಿತು ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿದೆ. ಆದರೆ ಇದಕ್ಕೆ ಮೀನೇ ಒಂದು ಉತ್ತರ ಕೊಟ್ಟಿದೆ. ಬ್ಯೂಕೆಮಾ ಎಂಬ ಡಚ್ ವಿಜ್ಞಾನಿ ಕೊಳದ ಗೆಂಡೆಮೀನುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ೧೯೭೦ರಲ್ಲಿ ಪ್ರಕಟಿಸಿದ. ಒಂದೇ ಒಂದು ಸಲ ಗಾಳಕ್ಕೆ ಸಿಕ್ಕಿ ಬಿಡುಗಡೆಯಾದ ಗೆಂಡೆ ಮತ್ತೆ ಸಿಕ್ಕುವುದು ಬಹಳ ವಿರಳವಾಗುತ್ತದೆ. ಆ ಎಚ್ಚರ ವರ್ಷದವರೆಗೂ ಉಳಿಯಬಹುದು ಎಂದು ಅವನಿಗೆ ಕಂಡುಬಂದಿತು. ಹಿಡಿದು ಬಿಡುವ ಕೊಳದಲ್ಲಿ ಮೀನುಗಳು ವರ್ಷವರ್ಷಕ್ಕೂ ಜಾಣವಾಗುತ್ತವೆ. ಮನುಷ್ಯ ಹಣ ಕೊಟ್ಟು ಹೊರಗಟ್ಟಿದ ಅನಿಶ್ಚಯವನ್ನು ಮೀನು ತನ್ನ ನೆನಪಿನ ಬಲದಿಂದ ಮತ್ತೆ ಒಳಗೆ ತರುತ್ತದೆ.

ಕೊಳವೆಂದ ಮಾತ್ರಕ್ಕೆ ವಿಸ್ಮಯ ಅಲ್ಲಿಲ್ಲವೆಂದೂ ತಿಳಿಯಬೇಕಾಗಿಲ್ಲ. ಹೆರೆಫರ್ಡ್‌ಷೈರಿನ ರೆಡ್‌ಮೈರ್ ಎಂಬ ಪುಟ್ಟ ಕೊಳದಲ್ಲಿ ೧೯೫೨ರಲ್ಲಿ ರಿಚರ್ಡ್ ವಾಕರ್ ಎಂಬಾತ ೪೪ ಪೌಂಡು ತೂಕದ, ಎಂದರೆ ಸುಮಾರು ೨೦ ಕಿಲೋಗ್ರಾಂಗಳ ಗೆಂಡೆಯನ್ನು ಹಿಡಿದ. ಅಷ್ಟು ದೊಡ್ಡ ಗೆಂಡೆ ಆ ದೇಶದಲ್ಲಿ ಅದುವರೆಗೆ ಗಾಳಕ್ಕೆ ಬಿದ್ದಿರಲಿಲ್ಲ. ಅದನ್ನು ಕೊಲ್ಲದೆ ಲಂಡನ್ನಿನ ಮೃಗಾಲಯಕ್ಕೆ ಒಪ್ಪಿಸಿದ್ದರಿಂದ ೧೯೭೧ರವರೆಗೂ ಅದು ಅಲ್ಲಿ ಬದುಕಿತ್ತು. ಸಾವಿರಾರು ಜನ ಅದನ್ನು ನೋಡಿದರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಅದು ಮೀನಿನ ನೋವಿನದು. ತಿನ್ನುವುದಕ್ಕಾಗಿ ಹಿಡಿದರೆ ಅದಕ್ಕೊಂದು ಕಾರಣವುಂಟು. ಆಟಕ್ಕಾಗಿ ಕೊಕ್ಕೆ ಚುಚ್ಚಿ ಎಳೆದು ಬಿಡುವುದು ದಯೆಯೋ ಕ್ರೌರ್ಯವೋ? ೨೦೦೩ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ಗಾಯದ ಪ್ರಚೋದನೆಯನ್ನು ಗ್ರಹಿಸುವ ನರತಂತುಗಳಿರುವುದನ್ನು ತೋರಿಸಿದರು. ತುಟಿಗೆ ಉರಿಯುವ ದ್ರವ್ಯವನ್ನು ಚುಚ್ಚಿದಾಗ ಆ ಮೀನುಗಳು ಮೇವು ಬಿಟ್ಟು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡುವು. ಮೀನಿನ ಮಿದುಳಿನ ರಚನೆ ಬೇರೆ, ನಮ್ಮಂತೆ ಅದು ನೋವನ್ನು ಅನುಭವಿಸಲಾರದು ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಶಾಸನಗಳೂ ಇಲ್ಲಿ ಎದುರುಬದುರು ನಿಂತಿವೆ. ಇಂಗ್ಲೆಂಡಿನ ಕೊಳದಲ್ಲಿ ಹಿಡಿದ ಮೀನನ್ನು ಬಿಡದಿರುವುದು ತಪ್ಪು. ಸ್ವಿಟ್ಜರ್ಲೆಂಡಿನಲ್ಲಿ, ಬಿಡುವ ಉದ್ದೇಶವಿಟ್ಟುಕೊಂಡೇ ಗಾಳ ಹಾಕುವುದನ್ನು ೨೦೦೮ರ ಪ್ರಾಣಿರಕ್ಷಣಾ ನಿಯಮಗಳು ನಿಷೇಧಿಸಿದುವು. ಒಂದೆಡೆ ಪ್ರಾಣ ಉಳಿಸುವುದು ಧರ್ಮ. ಇನ್ನೊಂದೆಡೆ ಅಕಾರಣವಾಗಿ ನೋಯಿಸದಿರುವುದು ಧರ್ಮ. ನುಣುಪಾದ ಕೊಕ್ಕೆಯೂ ಒದ್ದೆ ಮೆತ್ತೆಯೂ ಈ ಪ್ರಶ್ನೆಯನ್ನು ಮೆದುಗೊಳಿಸುತ್ತವೆ, ತೀರಿಸುವುದಿಲ್ಲ. ನಮ್ಮ ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ, ಶಿಶಿಲದ ಕಪಿಲೆಯ ದಡದಲ್ಲಿ ಭಕ್ತರು ದೇವರ ಮೀನುಗಳಿಗೆ ಮಂಡಕ್ಕಿ ಎರಚಿ ನಿಂತು ನೋಡುತ್ತಾರೆ. ಗಾಳವೇ ಇಲ್ಲದ ಮತ್ಸ್ಯವಿನೋದ ಅದು. ನೋವಿನ ಪ್ರಶ್ನೆಯಿಂದ ಮುಕ್ತವಾದುದು. ಆದರೆ ಅಲ್ಲಿ ಬಂದವನು ಹತ್ತು ನಿಮಿಷ ನಿಲ್ಲುತ್ತಾನೆ, ಹತ್ತು ಗಂಟೆ ಕೂರುವುದಿಲ್ಲ ಎಂಬುದೂ ನಿಜ.

ಈ ಕೊಳ, ನದಿಗಳ ವಿವೇಕವನ್ನು ನಮ್ಮ ಕಾವೇರಿಯೇ ಅತ್ಯಂತ ಚೆನ್ನಾಗಿ ಕಲಿಸಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸನು ೧೮೭೩ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥವನ್ನು ಹೊರಡಿಸಿದಂದಿನಿಂದ ನಮ್ಮ ನದಿಗಳ ಮಹಶೀರ್ ಮೀನು ಲೋಕದ ಗಾಳಗಾರರ ಕನಸಾಯಿತು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಮಹಶೀರನ್ನು ಹಿಡಿದರು. ಮುಂದೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಹಿಡಿದು ಬಿಡುವ ಶಿಬಿರಗಳು ನಡೆದುವು. ಆದರೆ ಅಣೆಕಟ್ಟು, ಸಿಡಿಮದ್ದಿನ ಬೇಟೆ ಮುಂತಾದುವುಗಳಿಂದ ಕಾವೇರಿಯ ಗೂನುಬೆನ್ನಿನ ಮಹಶೀರ್ ಕುಗ್ಗುತ್ತಿದ್ದಾಗ, ನದಿಯನ್ನು ಮತ್ತೆ ಮೀನಿನಿಂದ ತುಂಬುವ ಸದುದ್ದೇಶದಿಂದ ಲೋನಾವಳದಲ್ಲಿ ಬೆಳೆಸಿದ, ನೀಲಿ ರೆಕ್ಕೆಯ ಬೇರೊಂದು ಜಾತಿಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಬಂದವು ಹೆಚ್ಚಿದುವು, ಮನೆಯವು ಕಾಣೆಯಾದುವು. ಇದು ಬೆಳಕಿಗೆ ಬಂದದ್ದು ೧೯೯೮ರಿಂದ ೨೦೧೨ರವರೆಗೆ ಶಿಬಿರದಲ್ಲಿ ಗಾಳಗಾರರು ಬರೆದಿಟ್ಟ ದಿನಚರಿಯ ಲೆಕ್ಕಗಳಿಂದಲೇ. ಆ ಗೂನುಬೆನ್ನಿನ ಮೀನನ್ನು ೨೦೧೮ರಲ್ಲಿ ಟಾರ್ ರೆಮಾದೇವಿ ಎಂದು ಗುರುತಿಸಿದರು; ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಹೆಸರಿಟ್ಟ ದಿನವೇ ಜಾತಕದಲ್ಲಿ ಗಂಡಾಂತರ!

ಕೊಳಕ್ಕೆ ಮೀನು ತುಂಬುವುದು ತಪ್ಪಲ್ಲ. ಅದನ್ನು ತೋಡಿದ್ದೇ ಅದಕ್ಕಾಗಿ. ನದಿಯನ್ನೂ ಕೊಳದಂತೆ ಕಂಡು, ಅಲ್ಲಿಯೂ ಮೀನು ಖಂಡಿತವಾಗಬೇಕೆಂದು ಹೊರಗಿನದನ್ನು ತಂದು ಸುರಿದದ್ದು ಅನರ್ಥಕ್ಕೆ ದಾರಿಯಾಯಿತು. ನದಿಗೆ ಅದರದೇ ಆದ ಕುಲವಿದೆ, ಸಾವಿರಾರು ವರ್ಷಗಳ ನಂಟಿದೆ. ಅದರ ಅನಿಶ್ಚಯ ಕೊರತೆಯಲ್ಲ, ಜೀವಲಕ್ಷಣ. ದುಡಿದು ದಣಿದವನಿಗೆ ಒಂದು ದಿನದ ಶಾಂತಿ ಬೇಕು, ಕೈಗೊಂದು ಕೋಲು ಬೇಕು, ಮಗುವಿಗೆ ಮೊದಲ ಮೀನಿನ ಬೆರಗು ಬೇಕು. ಇವಕ್ಕೆ ಊರ ಹೊರಗಿನ ಕೊಳ ಸಾಕು. ಅಲ್ಲಿ ಬಲೆ ತೊಳೆಯುವ, ಕೊಕ್ಕೆ ನುಣುಪಾಗಿಸುವ ನಿಯಮಗಳಿದ್ದರೆ ಇನ್ನೂ ಒಳ್ಳೆಯದು. ಮನುಷ್ಯನ ಈ ಬಯಕೆಯನ್ನು ಕೊಳವು ತನ್ನ ಮೇಲೆ ಹೊತ್ತುಕೊಂಡರೆ ನದಿಗೆ ಅಷ್ಟರಮಟ್ಟಿಗೆ ಬಿಡುವು. ಚೀಟಿಯ ಬೆಲೆಯಲ್ಲಿ ಗಾಳಗಾರನಿಗೆ ದೊರೆಯುವುದು ಅವನ ಬಿಡುವು ಮಾತ್ರವಲ್ಲ. ಸರಿಯಾಗಿ ನಡೆದ ಕೊಳದಲ್ಲಿ ನದಿಯ ಬಿಡುವಿಗೂ ಅವನೇ ಬೆಲೆ ತೆತ್ತಂತಾಗುತ್ತದೆ.